ಕೊನೆಯ ಸ್ಥಾನದ ತಂಡ ಗೆಲ್ಲತೊಡಗಿದಾಗ: ಲೆಕ್ಕ ನೋಡುವ ಬಗೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಋತು ಶುರುವಾಗುವ ಮುನ್ನವೇ, ಅಕ್ಟೋಬರ್ ಹೊತ್ತಿಗೆ, ಪ್ರತಿ ಕಾನ್ಫರೆನ್ಸಿನ, ಎಂದರೆ ಮುಖ್ಯವಾಗಿ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪಿನ, ಭವಿಷ್ಯದ ಪಟ್ಟಿ ಹೊರಬೀಳುತ್ತದೆ. ಕೋಚ್‌ಗಳೋ ಪತ್ರಕರ್ತರೋ ಮತ ಹಾಕಿ ಇವರು ಮೊದಲು, ಇವರು ಕೊನೆ ಎಂದು ತೀರ್ಮಾನಿಸುತ್ತಾರೆ. ಹೆಚ್ಚುಕಡಿಮೆ ಪ್ರತಿ ವರ್ಷವೂ ಆ ಪಟ್ಟಿಯ ತಳದಲ್ಲಿ ಬಿದ್ದಿದ್ದ ಯಾವುದೋ ಒಂದು ತಂಡ, ಹೊಸ ಕೋಚ್ ಬಂದ ಮೊದಲ ವರ್ಷದಲ್ಲೇ, ಸಾಲಾಗಿ ಗೆಲ್ಲತೊಡಗುತ್ತದೆ. ಜನ ಕೋಚ್‌ಗೆ ಜೈಕಾರ ಹಾಕುತ್ತಾರೆ. ಟಿವಿಯವರು ತಂಡದ ಸಂಸ್ಕೃತಿಯೇ ಬದಲಾಗಿದೆ ಎನ್ನುತ್ತಾರೆ. ಆ ಮಾತು ಕೇಳಿಸಿದ ಕೂಡಲೇ ನಾನು ರಿಮೋಟ್ ಎತ್ತಿಕೊಂಡು ಧ್ವನಿ ತಗ್ಗಿಸುತ್ತೇನೆ.

ಲೆಕ್ಕಪರಿಶೋಧನೆ ನನ್ನ ವೃತ್ತಿ. ನಷ್ಟದಲ್ಲಿದ್ದ ಕಂಪನಿ ಒಂದೇ ವರ್ಷದಲ್ಲಿ ಭಾರಿ ಲಾಭ ತೋರಿಸಿದರೆ ಮೊದಲು ವೋಚರ್ ಕೇಳುವುದು ನನಗೆ ಅಭ್ಯಾಸವಾಗಿ ಹೋಗಿದೆ. ಬ್ಯಾಸ್ಕೆಟ್‌ಬಾಲ್ ನೋಡುವಾಗಲೂ ಆ ಬುದ್ಧಿ ಬಿಡುವುದಿಲ್ಲ. ಇಂಥ ತಂಡದ ಗೆಲುವಿನಲ್ಲಿ ಕೋಚ್‌ನ ಪಾಲಿರುತ್ತದೆ, ಹೊಸದಾಗಿ ಬಂದ ಆಟಗಾರರ ಪಾಲಿರುತ್ತದೆ, ಅದೃಷ್ಟದ ಪಾಲೂ ಇರುತ್ತದೆ. ಯಾವುದು ಎಷ್ಟು ಎಂದು ಬಿಡಿಸಿಕೊಳ್ಳದಿದ್ದರೆ ರಾಷ್ಟ್ರೀಯ ಟೂರ್ನಿ ನಡೆಯುವ ಮಾರ್ಚ್‌ನಲ್ಲಿ ಆಘಾತ, ಮುಂದಿನ ವರ್ಷ ಇನ್ನೂ ದೊಡ್ಡ ಆಘಾತ. ನಾನು ಅದನ್ನು ಬಿಡಿಸಿಕೊಳ್ಳುವ ಕ್ರಮ ಹೀಗೆ. ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಮತ್ತು ಪಂದ್ಯ ಮುಗಿದ ಕೂಡಲೇ ಯಾರಿಗೂ ಸಿಗುವ ಬಾಕ್ಸ್ ಸ್ಕೋರ್, ಎಂದರೆ ಪಂದ್ಯದ ಅಂಕಿಅಂಶಗಳ ಪಟ್ಟಿ.

ಮೊದಲು ಪಟ್ಟಿಯನ್ನೇ ಅನುಮಾನಿಸಿ

ಮತ ಹಾಕುವವರ ಮುಂದೆ ಮುಖ್ಯವಾಗಿ ಇರುವುದು ಕಳೆದ ವರ್ಷದ ಸೋಲು ಗೆಲುವು ಮತ್ತು ಉಳಿದುಕೊಂಡ ಆಟಗಾರರ ಹೆಸರು. ಹಿಂದೆ ಇಷ್ಟರಿಂದಲೇ ಒಂದು ಅಂದಾಜು ಸಿಗುತ್ತಿತ್ತು. ಏಕೆಂದರೆ ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಸುಮ್ಮನೆ ಬೆಂಚಿನ ಮೇಲೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಎಂದರೆ ಕಾಲೇಜು ಬದಲಿಸಬಯಸುವ ಆಟಗಾರರ ಹೆಸರು ದಾಖಲಾಗುವ ಪಟ್ಟಿ, ಬಂತು. 2021ರಲ್ಲಿ, ಮೊದಲ ಸಲ ಕಾಲೇಜು ಬದಲಿಸುವವರು ಕೂಡಲೇ ಆಡಬಹುದು ಎಂಬ ನಿಯಮ ಬಂತು. ಅದೇ ವರ್ಷದ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಮುಖವನ್ನು ಜಾಹೀರಾತಿಗೆ ಕೊಟ್ಟು ಹಣ ಗಳಿಸಬಹುದಾಯಿತು. 2024ರ ಹೊತ್ತಿಗೆ, ಓದಿನಲ್ಲಿ ಅರ್ಹತೆ ಉಳಿಸಿಕೊಂಡವರು ಎಷ್ಟು ಸಲ ಬದಲಿಸಿದರೂ ಕೂರಬೇಕಿಲ್ಲ ಎಂಬಲ್ಲಿಗೆ ವಿಷಯ ಬಂದು ನಿಂತಿತು. ಹೊಸ ಕೋಚ್ ಏಪ್ರಿಲ್‌ನಲ್ಲಿ ಅಧಿಕಾರ ವಹಿಸಿಕೊಂಡು ಜೂನ್ ಹೊತ್ತಿಗೆ ಇಡೀ ತಂಡವನ್ನೇ ಹೊಸದಾಗಿ ಕಟ್ಟಬಲ್ಲರು. ಒಟ್ಟಿಗೆ ಒಂದೂ ಪಂದ್ಯ ಆಡದ ಆ ತಂಡಕ್ಕೆ ಅಕ್ಟೋಬರ್‌ನಲ್ಲಿ ಅಂಕ ಕೊಡುವುದು ಊಹೆಯ ಮಾತೇ ಸರಿ.

ಉದಾಹರಣೆಗಳು ಬೇಕಾದಷ್ಟಿವೆ. ಅಯೋವಾ ಸ್ಟೇಟ್ 2020-21ರಲ್ಲಿ ಎರಡು ಪಂದ್ಯ ಗೆದ್ದು 22 ಸೋತಿತ್ತು. ಬಿಗ್ 12 ಕಾನ್ಫರೆನ್ಸಿನಲ್ಲಿ ಆಡಿದ ಹದಿನೆಂಟನ್ನೂ ಕಳೆದುಕೊಂಡಿತ್ತು. ಅಲ್ಲಿಯೇ ಹಿಂದೆ ಸಹಾಯಕ ಕೋಚ್ ಆಗಿದ್ದ ಟಿ.ಜೆ. ಒಟ್ಸೆಲ್‌ಬರ್ಗರ್ ಮುಖ್ಯ ಕೋಚ್ ಆಗಿ ಮರಳಿದರು. ಪಟ್ಟಿ ಅವರ ತಂಡಕ್ಕೆ ಹತ್ತರಲ್ಲಿ ಹತ್ತನೇ ಸ್ಥಾನ ಕೊಟ್ಟಿತು. ತಂಡ ಮೊದಲ 12 ಪಂದ್ಯಗಳನ್ನೂ ಗೆದ್ದಿತು. ಮರುವರ್ಷ ಅದೇ ಕಾನ್ಫರೆನ್ಸಿನಲ್ಲಿ ಕೊನೆಯ ಸ್ಥಾನ ಕ್ಯಾನ್ಸಸ್ ಸ್ಟೇಟ್‌ಗೆ ಮೀಸಲಾಯಿತು. ಬೇಲರ್‌ನಲ್ಲಿ 19 ವರ್ಷ ಸಹಾಯಕರಾಗಿದ್ದ ಜೆರೋಮ್ ಟ್ಯಾಂಗ್ ಅಲ್ಲಿಗೆ ಬಂದಾಗ ಹಳೆಯ ತಂಡದಲ್ಲಿ ಉಳಿದಿದ್ದವರು ಇಬ್ಬರೇ ಆಟಗಾರರು. ಆ ತಂಡ 26 ಪಂದ್ಯ ಗೆದ್ದು ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ ಎಂಟರ ಘಟ್ಟ ತಲುಪಿತು. 2024-25ರಲ್ಲಿ ವ್ಯಾಂಡರ್‌ಬಿಲ್ಟ್‌ಗೆ ಎಸ್‌ಇಸಿ ಕಾನ್ಫರೆನ್ಸಿನ 16 ತಂಡಗಳಲ್ಲಿ ಹದಿನಾರನೇ ಸ್ಥಾನ ಎಂದಿದ್ದರು. ಮಾರ್ಕ್ ಬೈಯಿಂಗ್ಟನ್ ಅವರ ಮೊದಲ ವರ್ಷದಲ್ಲೇ 20 ಗೆಲುವು, ಟೂರ್ನಿಗೆ ಪ್ರವೇಶ. ಅದೇ ವರ್ಷ ಎಸಿಸಿ ಕಾನ್ಫರೆನ್ಸಿನ ಪಟ್ಟಿಯಲ್ಲಿ ಒಂಬತ್ತನೇ ಸ್ಥಾನದಲ್ಲಿದ್ದ ಲೂಯಿವಿಲ್, ಪ್ಯಾಟ್ ಕೆಲ್ಸಿ ಅವರ ಕೈಗೆ ಬಂದ ಮೊದಲ ವರ್ಷ, ಕಾನ್ಫರೆನ್ಸಿನ 20 ಪಂದ್ಯಗಳಲ್ಲಿ 18 ಗೆದ್ದಿತು. ಅದರ ಹಿಂದಿನ ವರ್ಷ ಆ ತಂಡದ ಒಟ್ಟು ಗೆಲುವು ಎಂಟು.

ಹಾಗಾಗಿ ಮೊದಲ ಕೆಲಸ: ತಂಡದ ಆಟಗಾರರ ಪಟ್ಟಿ ತೆರೆದು, ಕಳೆದ ವರ್ಷ ಇದೇ ಕಾಲೇಜಿಗೆ ಆಡಿದವರ ಮುಂದೆ ಒಂದು ಚುಕ್ಕೆ ಇಡಿ. ಚುಕ್ಕೆ ಕಡಿಮೆ ಇದ್ದಷ್ಟೂ ಅಕ್ಟೋಬರ್ ಪಟ್ಟಿಗೆ ಬೆಲೆ ಕಡಿಮೆ. ಆಗ ಈ ತಂಡ ನಿರೀಕ್ಷೆ ಮೀರಿದೆ ಎನ್ನುವುದಕ್ಕಿಂತ ನಿರೀಕ್ಷೆಗೇ ತಳಪಾಯ ಇರಲಿಲ್ಲ ಎನ್ನುವುದು ಸರಿ. ಚುಕ್ಕೆ ಹೆಚ್ಚಿದ್ದೂ ತಂಡ ಗೆಲ್ಲುತ್ತಿದ್ದರೆ ಕಿವಿ ನಿಮಿರಬೇಕು. ಅದೇ ಹುಡುಗರು ಬೇರೆ ಥರ ಆಡುತ್ತಿದ್ದಾರೆ ಎಂದರೆ ಯಾರೋ ಏನೋ ಕಲಿಸಿದ್ದಾರೆ.

ಯಾರ ಮೇಲೆ, ಎಲ್ಲಿ

ನನ್ನ ಸೋದರಳಿಯ ಅಮೆರಿಕದ ಕಾಲೇಜೊಂದರಲ್ಲಿ ಓದುತ್ತಿದ್ದಾನೆ. ನವೆಂಬರ್ ಕೊನೆಗೆ ಒಮ್ಮೆ ಫೋನ್ ಮಾಡಿ, "ಅತ್ತೆ, ಆಡಿದ ಆರಕ್ಕೆ ಆರೂ ಗೆದ್ದಿದ್ದೇವೆ, ಹೊಸ ಕೋಚ್ ಸಾಮಾನ್ಯದವರಲ್ಲ" ಎಂದ.

"ಯಾರ ಮೇಲೆ ಗೆದ್ದಿರಿ? ಎಲ್ಲಿ?"

"ಎಲ್ಲವೂ ನಮ್ಮ ಅಂಕಣದಲ್ಲೇ."

ಎದುರಾಳಿಗಳ ಹೆಸರು ಹೇಳಿದ. ಅವುಗಳಲ್ಲಿ ನಾಲ್ಕು ಯಾವ ರಾಜ್ಯದಲ್ಲಿವೆ ಎಂದು ತಿಳಿಯಲು ನಾನು ನಕ್ಷೆ ತೆರೆಯಬೇಕಾಯಿತು.

ನವೆಂಬರ್ ಮತ್ತು ಡಿಸೆಂಬರ್‌ನ ಬಹುಪಾಲು ಪಂದ್ಯಗಳು ಕಾನ್ಫರೆನ್ಸಿನ ಆಚೆಯವು. ಅವುಗಳಲ್ಲಿ ಬಹಳಷ್ಟನ್ನು ದೊಡ್ಡ ಕಾಲೇಜುಗಳು ಸಣ್ಣ ಕಾಲೇಜುಗಳಿಗೆ ಹಣ ಕೊಟ್ಟು ಕರೆಸಿ ಏರ್ಪಡಿಸುತ್ತವೆ. ಅವರ ಬಾಯಲ್ಲಿ ಅದು ಬೈ ಗೇಮ್. ಅಂಥ ಗೆಲುವುಗಳನ್ನು ಕಂತೆಗಟ್ಟಿ ತಂದು ತೋರಿಸಿದರೆ ನಾನು ಮರುಳಾಗುವುದಿಲ್ಲ.

ಇದಕ್ಕೆ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎಯ ಬಳಿಯೇ ಒಂದು ಜರಡಿ ಇದೆ. 2018-19ರಿಂದ ಅವರು ನೆಟ್ ಎಂಬ ರ‍್ಯಾಂಕಿಂಗ್ ಬಳಸುತ್ತಾರೆ. ಅದರ ಆಧಾರದ ಮೇಲೆ ಪ್ರತಿ ಪಂದ್ಯವನ್ನೂ ನಾಲ್ಕು ದರ್ಜೆಗಳಲ್ಲಿ ಒಂದಕ್ಕೆ ಹಾಕುತ್ತಾರೆ. ಮೊದಲ ದರ್ಜೆಗೆ ಬರಬೇಕಾದರೆ ಎದುರಾಳಿಯ ಸ್ಥಾನ ಸ್ವಂತ ಅಂಕಣದ ಪಂದ್ಯದಲ್ಲಿ 30ರೊಳಗೆ, ತಟಸ್ಥ ಅಂಕಣದಲ್ಲಿ 50ರೊಳಗೆ, ಎದುರಾಳಿಯ ಅಂಕಣದಲ್ಲಿ 75ರೊಳಗೆ ಇರಬೇಕು. ಸ್ವಂತ ಅಂಕಣದಲ್ಲಿ 161ನೇ ಸ್ಥಾನದಿಂದ ಕೆಳಗಿನವರ ಮೇಲೆ ಗೆದ್ದರೆ ಅದು ನಾಲ್ಕನೇ ದರ್ಜೆ. ಒಂದೇ ಎದುರಾಳಿ, ಒಂದೇ ಅಂತರದ ಗೆಲುವು. ಆದರೆ ಎಲ್ಲಿ ಆಡಿದರು ಎನ್ನುವುದರ ಮೇಲೆ ಬೆಲೆ ಬೇರೆ. ನೋಟ್‌ಬುಕ್ಕಿನಲ್ಲಿ ಪ್ರತಿ ಪಂದ್ಯದ ಮುಂದೆ ದರ್ಜೆ ಬರೆಯಿರಿ. ನಾಲ್ಕನೇ ದರ್ಜೆಯ ಗೆಲುವುಗಳನ್ನು ಪೆನ್ಸಿಲಿನಿಂದ ಹೊಡೆದು ಹಾಕಿ ಉಳಿದದ್ದನ್ನು ನೋಡಿ.

ಅಯೋವಾ ಸ್ಟೇಟ್‌ನ 12 ಗೆಲುವುಗಳಿಗೆ ಹೀಗೆ ಮಾಡಿದರೆ ಏನು ಉಳಿಯುತ್ತದೆ? ಬ್ರೂಕ್ಲಿನ್‌ನಲ್ಲಿ ಜೇವಿಯರ್ ಮೇಲೆ 82-70, ಅಲ್ಲಿಯೇ ಮೆಂಫಿಸ್ ಮೇಲೆ 78-59. ಎರಡೂ ಸ್ವಂತ ಅಂಕಣವಲ್ಲ. ಕ್ರೇಟನ್‌ನ ಅಂಕಣಕ್ಕೇ ಹೋಗಿ ಒಂದು ಗೆಲುವು. ಸ್ವಂತ ಅಂಕಣದಲ್ಲಿ ಅಯೋವಾ ಮೇಲೆ 73-53. ಜರಡಿಯಲ್ಲಿ ನಿಂತ ಕಾಳು ಇದು. ಜನವರಿ ಬಂದ ಮೇಲೆ, ಆಗ ದೇಶಕ್ಕೇ ಮೊದಲ ಸ್ಥಾನದಲ್ಲಿದ್ದ ಬೇಲರ್ ಕೈಯಲ್ಲಿ 77-72ರಿಂದ ಮೊದಲ ಸೋಲು. ಕಾನ್ಫರೆನ್ಸ್ ಮುಗಿದಾಗ ಏಳು ಗೆಲುವು, ಹನ್ನೊಂದು ಸೋಲು. ಡಿಸೆಂಬರ್‌ನಲ್ಲಿ ಕುಣಿದವರು ಫೆಬ್ರುವರಿಯಲ್ಲಿ ತಲೆ ತಗ್ಗಿಸಿದ್ದರು. ನನಗೆ ಎರಡೂ ಅತಿಯೆನಿಸಿತ್ತು. ಬಿಗ್ 12ರಂಥ ಕಾನ್ಫರೆನ್ಸಿನಲ್ಲಿ ಸೊನ್ನೆಯಿಂದ ಏಳಕ್ಕೆ ಬರುವುದು ಹುಡುಗಾಟವಲ್ಲ.

ನೂರು ಸರದಿಗೆ ಎಷ್ಟು

ಒಂದು ತಂಡ ಸರಾಸರಿ 80 ಅಂಕ ಗಳಿಸುತ್ತದೆ ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಓಡಿ ಓಡಿ ಆಡುವ ತಂಡಕ್ಕೆ ಚೆಂಡು ಹೆಚ್ಚು ಸಲ ಸಿಗುತ್ತದೆ, ನಿಧಾನಿಗಳಿಗೆ ಕಡಿಮೆ ಸಲ. ಹೊಸ ಕೋಚ್ ಬಂದು ವೇಗ ಹೆಚ್ಚಿಸಿದರೆ ಅಂಕ ತಾನಾಗಿ ಏರುತ್ತದೆ, ಬಿಟ್ಟುಕೊಡುವ ಅಂಕವೂ ಏರುತ್ತದೆ. ಅದು ಸುಧಾರಣೆಯಲ್ಲ. ಆದ್ದರಿಂದ ಚೆಂಡಿನ ಸರದಿಗಳನ್ನು ಎಣಿಸಬೇಕು. 40 ನಿಮಿಷದ ಪಂದ್ಯ, 30 ಸೆಕೆಂಡಿನ ಶಾಟ್ ಕ್ಲಾಕ್, ಎಂದರೆ ಚೆಂಡು ಸಿಕ್ಕವರು ಅಷ್ಟರೊಳಗೆ ಬುಟ್ಟಿಗೆ ಎಸೆಯಬೇಕು. ಒಂದು ತಂಡಕ್ಕೆ ಸಾಮಾನ್ಯವಾಗಿ 65ರಿಂದ 70ರ ಆಸುಪಾಸು ಸರದಿ ಸಿಗುತ್ತದೆ.

ಎಣಿಸಲು ಪಂದ್ಯ ಪೂರ್ತಿ ಗೀಟು ಹಾಕುತ್ತ ಕೂರಬೇಕಿಲ್ಲ. ಬಾಕ್ಸ್ ಸ್ಕೋರಿನಿಂದ ನಾಲ್ಕು ಅಂಕಿ ಎತ್ತಿಕೊಳ್ಳಿ. ಬುಟ್ಟಿಗೆ ಎಸೆದ ಒಟ್ಟು ಎಸೆತಗಳಿಂದ ಆಕ್ರಮಣದಲ್ಲಿ ಹಿಡಿದ ರೀಬೌಂಡುಗಳನ್ನು (ತಪ್ಪಿದ ಎಸೆತವನ್ನು ತಾವೇ ಮತ್ತೆ ಹಿಡಿದದ್ದು) ಕಳೆಯಿರಿ, ಟರ್ನ್‌ಓವರ್‌ಗಳನ್ನು (ಎಸೆಯುವ ಮೊದಲೇ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಎಸೆದ ಫ್ರೀ ಥ್ರೋಗಳನ್ನು (ಎದುರಾಳಿಯ ತಪ್ಪಿಗೆ ಸಿಗುವ ತಡೆಯಿಲ್ಲದ ಎಸೆತ) 0.475ರಿಂದ ಗುಣಿಸಿ ಅದನ್ನೂ ಕೂಡಿಸಿ. 58 ಎಸೆತ, 10 ಆಕ್ರಮಣ ರೀಬೌಂಡ್, 12 ಟರ್ನ್‌ಓವರ್, 20 ಫ್ರೀ ಥ್ರೋ ಎಂದಿಟ್ಟುಕೊಳ್ಳಿ: 58ರಲ್ಲಿ 10 ಕಳೆದರೆ 48, 12 ಕೂಡಿಸಿದರೆ 60, ಮೇಲೆ 9.5. ಒಟ್ಟು 69.5 ಸರದಿ. ತಂಡ 73 ಅಂಕ ಗಳಿಸಿದ್ದರೆ ನೂರು ಸರದಿಗೆ 105. ಎದುರಾಳಿಗೂ ಹಾಗೆಯೇ ಲೆಕ್ಕ ಹಾಕಿ. ಎರಡರ ಅಂತರವೇ ತಂಡದ ನಿಜವಾದ ನಡಿಗೆ. ಎದುರಾಳಿಯ ಬಲವನ್ನೂ ಸೇರಿಸಿ ತಿದ್ದಿದ ಅಂಕಿ ಬೇಕಿದ್ದರೆ ಅಂಕಿಅಂಶ ತಜ್ಞ ಕೆನ್ ಪಾಮರಾಯ್ ಅವರ ಪಟ್ಟಿ ಇದ್ದೇ ಇದೆ. ಕೆನ್‌ಪಾಮ್ ಎಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಋತುವಿನ ಆರಂಭದಲ್ಲಿ ಆ ಪಟ್ಟಿಯೊಳಗೂ ಹಳೆಯ ನಿರೀಕ್ಷೆಯ ಅಂಶ ಬೆರೆತಿರುತ್ತದೆ, ಪಂದ್ಯಗಳು ನಡೆದಂತೆ ಅದು ಕರಗುತ್ತ ಹೋಗುತ್ತದೆ. ಹಾಗಾಗಿ ನವೆಂಬರ್‌ನಲ್ಲಿ ನಿಮ್ಮ ತಂಡ ಅಲ್ಲಿ ಕೆಳಗಿದೆ ಎಂದು ಜಗಳಕ್ಕೆ ಹೋಗಬೇಡಿ.

ಅಂತರ ಹಿಗ್ಗಿದೆ ಎಂದು ಖಾತ್ರಿಯಾದರೆ ಅದು ಎಲ್ಲಿಂದ ಬಂತೆಂದು ನೋಡಬೇಕು. ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಇದನ್ನು ನಾಲ್ಕು ತುಂಡು ಮಾಡಿ ತೂಕ ಕಟ್ಟಿದ್ದಾರೆ: ಎಸೆತದ ನಿಖರತೆಗೆ ನೂರಕ್ಕೆ 40, ಟರ್ನ್‌ಓವರ್‌ಗೆ 25, ರೀಬೌಂಡ್‌ಗೆ 20, ಫ್ರೀ ಥ್ರೋ ಗಳಿಕೆಗೆ 15. ನಿಖರತೆ ಲೆಕ್ಕ ಹಾಕುವಾಗ ಮೂರಂಕದ ಎಸೆತವನ್ನು (ದೂರದ ಗೆರೆಯ ಆಚೆಯಿಂದ ಎಸೆದು ಎರಡರ ಬದಲು ಮೂರು ಅಂಕ ತರುವುದು) ಒಂದೂವರೆಯಾಗಿ ಹಿಡಿಯುತ್ತಾರೆ. 60 ಎಸೆತಗಳಲ್ಲಿ 25 ಬಿದ್ದು, ಅವುಗಳಲ್ಲಿ 8 ಮೂರಂಕದವಾದರೆ, 25ಕ್ಕೆ 4 ಸೇರಿಸಿ 60ರಿಂದ ಭಾಗಿಸಿ. ಶೇಕಡಾ 48ರ ಮೇಲೆ ಸ್ವಲ್ಪ.

ನನ್ನ ಅನುಭವದಲ್ಲಿ ಈ ನಾಲ್ಕನ್ನೂ ಒಂದೇ ಸಮನಾಗಿ ನೋಡಬಾರದು. ಇಪ್ಪತ್ತು ವರ್ಷದ ಹುಡುಗನ ಕೈಯನ್ನು ಯಾವ ಕೋಚೂ ಒಂದು ಬೇಸಿಗೆಯಲ್ಲಿ ತಿದ್ದಲಾರರು. ಮೂರಂಕದ ಎಸೆತ ಬಿದ್ದರೆ ಅದು ಹೆಚ್ಚಾಗಿ ಆಟಗಾರನ ಪಾಲು, ಪೋರ್ಟಲ್‌ನಿಂದ ಆರಿಸಿ ತಂದದ್ದಕ್ಕೆ ಕೋಚ್‌ಗೆ ಒಂದಿಷ್ಟು ಅಂಕ. ಆದರೆ ಎಲ್ಲಿಂದ ಎಸೆಯಬೇಕು ಎನ್ನುವುದನ್ನು ಕೋಚ್ ತಿಂಗಳೊಳಗೆ ಬದಲಿಸಬಲ್ಲರು. ಅದಕ್ಕೇ ನಾನು ಪುಟದಲ್ಲಿ ಅರ್ಧ ಅಂಕಣದ ಚಿತ್ರ ಬರೆದು ಎಸೆತಗಳಿಗೆ ಗುರುತು ಹಾಕುತ್ತೇನೆ. ಬುಟ್ಟಿಯ ಬುಡದಲ್ಲಿ ಮತ್ತು ಮೂರಂಕದ ಗೆರೆಯ ಆಚೆ ಗುರುತು ದಟ್ಟವಾಗಿ, ನಡುವಿನ ಬಯಲು ಖಾಲಿಯಾಗಿದ್ದರೆ ಯಾರೋ ಬುದ್ಧಿ ಹೇಳಿದ್ದಾರೆ ಎಂದರ್ಥ. ಚೆಂಡು ಕಳೆದುಕೊಳ್ಳುವುದನ್ನು ಕಡಿಮೆ ಮಾಡುವುದು, ಎದುರಾಳಿ ಚೆಂಡು ಕಳೆದುಕೊಳ್ಳುವಂತೆ ಮಾಡುವುದು, ಇವೂ ಕೋಚ್ ಬೇಗ ತರಬಲ್ಲ ಬದಲಾವಣೆಗಳು. ಗೆಲುವಿನ ಮೂಲ ಇಲ್ಲಿ ಸಿಕ್ಕರೆ ನನಗೆ ನಂಬಿಕೆ ಹುಟ್ಟುತ್ತದೆ.

ಚೆಂಡನ್ನು ಬಿಟ್ಟು ಮೂರನೆಯವನನ್ನು ನೋಡಿ

ಅಂಕಿ ಎಷ್ಟೇ ಹೇಳಲಿ, ಕಣ್ಣಿಂದ ನೋಡಿ ಖಚಿತಪಡಿಸಿಕೊಳ್ಳುವ ಭಾಗವೊಂದಿದೆ, ಅದು ರಕ್ಷಣೆ. ಒಟ್ಸೆಲ್‌ಬರ್ಗರ್ ಅವರ ಅಯೋವಾ ಸ್ಟೇಟನ್ನೇ ತೆಗೆದುಕೊಳ್ಳಿ. ಅವರ ತಂಡದ ಮೂಲಮಂತ್ರ ಚೆಂಡನ್ನು ಅಂಕಣದ ಮಧ್ಯಕ್ಕೆ ಬಿಡಬಾರದು ಎನ್ನುವುದು.

ಚೆಂಡು ಹಿಡಿದ ಎದುರಾಳಿ ಬಲಬದಿಯಲ್ಲಿ ನಿಂತಿದ್ದಾನೆ ಎನ್ನಿ. ಬೇರೆ ತಂಡಗಳಲ್ಲಾದರೆ ಅವನನ್ನು ಕಾಯುವವನು ಅವನಿಗೂ ಬುಟ್ಟಿಗೂ ನೇರ ನಡುವೆ ನಿಲ್ಲುತ್ತಾನೆ. ಇಲ್ಲಿ ಕಾಯುವವನ ಎದೆ ಪಕ್ಕದ ಗೆರೆಯತ್ತ ತಿರುಗಿರುತ್ತದೆ, ಮಧ್ಯದ ಕಡೆಯ ಕಾಲು ಮುಂದಿರುತ್ತದೆ. ಮಧ್ಯಕ್ಕೆ ಹೋಗುವ ದಾರಿ ಮುಚ್ಚಿದೆ. ಅಂಚಿನ ದಾರಿ ಬೇಕೆಂದೇ ತೆರೆದಿದೆ. ಎದುರಾಳಿ ಆ ದಾರಿ ಹಿಡಿದು ಬೇಸ್‌ಲೈನ್ (ಬುಟ್ಟಿಯ ಹಿಂದಿನ ಗೆರೆ) ಕಡೆ ನುಗ್ಗುತ್ತಾನೆ. ಅಷ್ಟರಲ್ಲಿ ಪೇಂಟ್‌ನ (ಬುಟ್ಟಿಯ ಮುಂದಿನ ಬಣ್ಣದ ಚೌಕ) ಅಂಚಿಗೆ ಎರಡನೆಯವನು ಬಂದು ಎದೆ ಕೊಟ್ಟು ನಿಂತಿರುತ್ತಾನೆ. ಈಗ ಮುಂದೆ ಒಬ್ಬ, ಬೆನ್ನಿಗೆ ಒಬ್ಬ, ಪಕ್ಕದಲ್ಲಿ ಗೆರೆ. ಸಿಕ್ಕಿಬಿದ್ದವನಿಗೆ ಉಳಿದದ್ದು ಇಬ್ಬರ ತಲೆಯ ಮೇಲಿಂದ ಆಚೆ ಬದಿಗೆ ಎಸೆಯುವ ಉದ್ದದ ಪಾಸ್. ಆ ಪಾಸು ಗಾಳಿಯಲ್ಲಿ ತೇಲುವಷ್ಟು ಹೊತ್ತು ಸಾಕು. ಆಚೆ ಬದಿಯಲ್ಲಿ ಇಬ್ಬರು ಎದುರಾಳಿಗಳ ನಡುವೆ ನಿಂತು ಕಾಯುತ್ತಿರುವ ಮೂರನೆಯವನು ಅದಕ್ಕೆ ಕೈ ಹಾಕುತ್ತಾನೆ.

ಟಿವಿಯಲ್ಲಿ ಎಲ್ಲರ ಕಣ್ಣೂ ಚೆಂಡಿನ ಮೇಲಿರುತ್ತದೆ. ನೀವು ಈ ಮೂರನೆಯವನನ್ನು ನೋಡಿ. ಎದುರಾಳಿ ಮೊದಲ ಡ್ರಿಬಲ್ ಹಾಕುವಾಗಲೇ ಅವನ ಕಾಲು ಕದಲಿದರೆ ತಂಡ ಪಾಠ ಕಲಿತಿದೆ. ಚೆಂಡು ಹೋದ ಮೇಲೆ ಅವನು ಓಡುತ್ತಿದ್ದರೆ ಆಟಗಾರರು ತಮ್ಮ ಚುರುಕಿನಿಂದ ಹೇಗೋ ಸರಿದೂಗಿಸುತ್ತಿದ್ದಾರೆ ಅಷ್ಟೆ. ಬಲವಾದ ತಂಡದ ಎದುರು ಅದು ನಡೆಯುವುದಿಲ್ಲ. ಐವರೂ ಒಂದೇ ಕ್ಷಣಕ್ಕೆ ಸರಿದಾಡುವ ಈ ಅಭ್ಯಾಸವನ್ನು ಯಾವ ಆಟಗಾರನೂ ಬೇರೆ ಕಾಲೇಜಿನಿಂದ ಚೀಲದಲ್ಲಿ ಹೊತ್ತು ತರಲಾರ. ಇದು ಕೋಚ್‌ನ ಖಾತೆಗೆ ಸೇರಬೇಕಾದ ಜಮೆ. ಈ ರಕ್ಷಣೆಗೊಂದು ಕೊರತೆಯೂ ಇದೆ. ಆ ಉದ್ದದ ಪಾಸು ತಪ್ಪಿಸಿಕೊಂಡು ಗುರಿ ಮುಟ್ಟಿದರೆ ಎದುರಾಳಿಗೆ ಮೂರಂಕದ ಎಸೆತ ಧಾರಾಳವಾಗಿ ಸಿಗುತ್ತದೆ.

ಇದಕ್ಕೆ ಪ್ರತಿಯಾಗಿ, ಆಟಗಾರನ ಖಾತೆಗೇ ಹೋಗಬೇಕಾದ ಘಳಿಗೆ ಒಂದನ್ನು ಹೇಳುತ್ತೇನೆ. 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕ್ಯಾನ್ಸಸ್ ಸ್ಟೇಟ್ ಮತ್ತು ಮಿಷಿಗನ್ ಸ್ಟೇಟ್ ಎದುರುಬದುರಾದವು. ಹೆಚ್ಚುವರಿ ಅವಧಿ, ಸ್ಕೋರು 92-92, ಒಂದು ನಿಮಿಷಕ್ಕೂ ಕಡಿಮೆ ಉಳಿದಿದೆ. ಕಾಲು ಉಳುಕಿಸಿಕೊಂಡು ಮರಳಿ ಬಂದಿದ್ದ ಪುಟ್ಟ ಗಾರ್ಡ್ (ಚೆಂಡು ಮುನ್ನಡೆಸುವ ಆಟಗಾರ) ಮಾರ್ಕ್ವಿಸ್ ನೊವೆಲ್ ಚೆಂಡು ಪುಟಿಸುತ್ತ, ಬೆಂಚಿನ ಬಳಿಯಿದ್ದ ಕೋಚ್ ಟ್ಯಾಂಗ್ ಕಡೆ ತಿರುಗಿ ವಾದ ಮಾಡುತ್ತಿರುವಂತೆ ಕಂಡರು. ಮರುಕ್ಷಣ ಚೆಂಡನ್ನು ಬುಟ್ಟಿಯ ಕಡೆ ಎತ್ತರಕ್ಕೆ ತೂರಿದರು. ಬೇಸ್‌ಲೈನ್ ಕಡೆಯಿಂದ ನುಗ್ಗಿದ ಕೀಯಾಂಟೆ ಜಾನ್ಸನ್ ಗಾಳಿಯಲ್ಲೇ ಹಿಡಿದು ಬೆನ್ನು ತಿರುಗಿಸಿ ಒಳಗೆ ತುರುಕಿದರು. ಪಂದ್ಯ 98-93ಕ್ಕೆ ಮುಗಿಯಿತು. ನೊವೆಲ್ ಅವರ 19 ಅಸಿಸ್ಟ್‌ಗಳು (ಸಹ ಆಟಗಾರ ಅಂಕ ಗಳಿಸಲು ನೆರವಾದ ಪಾಸುಗಳು) ಆ ಟೂರ್ನಿಯ ಇತಿಹಾಸದಲ್ಲೇ ಹೊಸ ದಾಖಲೆ. ಟ್ಯಾಂಗ್ ಬರುವ ಮುಂಚಿನಿಂದಲೂ ತಂಡದಲ್ಲಿದ್ದ ಇಬ್ಬರಲ್ಲಿ ನೊವೆಲ್ ಒಬ್ಬರು ಎನ್ನುವುದನ್ನು ಮರೆಯಬಾರದು. ಹಿಂದಿನ ವರ್ಷ ಅವರಿದ್ದೂ ತಂಡ 14 ಗೆದ್ದು 17 ಸೋತಿತ್ತು. ಆಟಗಾರ ಹಳಬ, ಬುದ್ಧಿ ಅವನದೇ, ಆದರೆ ಅದನ್ನು ಬಳಸಲು ಸ್ವಾತಂತ್ರ್ಯ ಕೊಟ್ಟವರು ಹೊಸಬರು. ಇಂಥಲ್ಲಿ ಪಾಲು ಹಂಚುವುದು ಕಷ್ಟ. ನಾನು ಅರ್ಧರ್ಧ ಬರೆಯುತ್ತೇನೆ.

ಕೋಚ್‌ನ ಕೈ ನೇರವಾಗಿ ಕಾಣುವ ಇನ್ನೊಂದು ಜಾಗ ಟೈಮ್‌ಔಟ್ ಮುಗಿದ ಮೊದಲ ಸರದಿ. 20 ನಿಮಿಷದ ಪ್ರತಿ ಅವಧಿಯಲ್ಲೂ, ಉಳಿದ ಸಮಯ 16, 12, 8, 4 ನಿಮಿಷಗಳ ಗುರುತು ದಾಟಿದ ಮೇಲೆ ಆಟ ಮೊದಲು ನಿಂತಾಗ ಟಿವಿಗಾಗಿ ವಿರಾಮ ಸಿಗುತ್ತದೆ. ಅದು ಮುಗಿದು ತಂಡ ಏನು ಮಾಡಿತು ಎಂದು ಒಂದು ಸಾಲು ಬರೆದಿಡಿ. ಸ್ಕ್ರೀನ್ ಹಾಕಿ, ಎಂದರೆ ಕಾಯುವವನ ದಾರಿಗೆ ಅಡ್ಡ ನಿಂತು, ಒಬ್ಬನನ್ನು ಬಿಡಿಸಿಕೊಂಡರೋ, ಸುಮ್ಮನೆ ಚೆಂಡು ಪುಟಿಸುತ್ತ ನಿಂತರೋ? ಎಸೆತ ಬಿತ್ತೋ ಇಲ್ಲವೋ ಬರೆಯಬೇಡಿ, ಎಸೆತ ಎಂಥದ್ದಾಗಿತ್ತು ಎಂದಷ್ಟೇ ಬರೆಯಿರಿ.

ಅದೃಷ್ಟದ ಪಾಲು

ಐದು ಅಂಕದೊಳಗಿನ ಗೆಲುವುಗಳನ್ನೆಲ್ಲ ಒಂದು ಕಡೆ ಬರೆಯಿರಿ. ಹತ್ತಿರದ ಪಂದ್ಯಗಳಲ್ಲಿ ಒಳ್ಳೆಯ ತಂಡವೂ ಸೋಲುತ್ತದೆ, ಸಾಧಾರಣ ತಂಡವೂ ಗೆಲ್ಲುತ್ತದೆ. ಸಾಲಾಗಿ ಗೆದ್ದರೆ ಧೈರ್ಯ, ಛಲ ಎಂದೆಲ್ಲ ಹೊಗಳುತ್ತಾರೆ. ಪಾಮರಾಯ್ ಅವರ ಪಟ್ಟಿಯಲ್ಲಿ ಇದಕ್ಕೆಂದೇ ಒಂದು ಕಾಲಂ ಇದೆ, ಹೆಸರೇ ಲಕ್. ತಂಡದ ಆಟದ ಮಟ್ಟ ನೋಡಿದರೆ ಎಷ್ಟು ಗೆಲ್ಲಬೇಕಿತ್ತು, ನಿಜವಾಗಿ ಎಷ್ಟು ಗೆದ್ದಿತು ಎಂಬುದರ ಅಂತರ ಅದು.

2022-23ರ ಮಿಸೂರಿಯನ್ನು ನೋಡಿ. ಡೆನಿಸ್ ಗೇಟ್ಸ್ ಅವರ ಮೊದಲ ವರ್ಷ, ಎಸ್‌ಇಸಿಯ ಪಟ್ಟಿಯಲ್ಲಿ ಹನ್ನೊಂದನೇ ಸ್ಥಾನ. ಡಿಸೆಂಬರ್‌ನಲ್ಲಿ ಡಿಆಂಡ್ರೆ ಗೋಲ್‌ಸ್ಟನ್ ಕೊನೆಯ ಕ್ಷಣದ ಎಸೆತದಿಂದ ಯುಸಿಎಫ್ ಮೇಲೆ 68-66ರಲ್ಲಿ ಗೆಲ್ಲಿಸಿದರು. ಫೆಬ್ರುವರಿಯಲ್ಲಿ ಟೆನೆಸಿಯ ಅಂಕಣದಲ್ಲೇ, ಸಮಯ ಮುಗಿಯುವ ಗಂಟೆಯ ಜೊತೆಗೇ ಬಹುದೂರದಿಂದ ಎಸೆದು 86-85ಕ್ಕೆ ಮುಗಿಸಿದವರೂ ಅವರೇ. ಋತು ಮುಗಿದಾಗ 25 ಗೆಲುವು. ಆ ಎರಡು ಎಸೆತಗಳನ್ನು ನಾನು ಈಗಲೂ ಖುಷಿಯಿಂದ ನೋಡುತ್ತೇನೆ. ಆದರೆ ಅಂಥ ಎಸೆತದ ಮೇಲೆ ಮುಂದಿನ ವರ್ಷದ ಬಜೆಟ್ ಕಟ್ಟಲಾಗದು.

ಎದುರಾಳಿಗಳ ಮೂರಂಕದ ಎಸೆತಗಳ ಶೇಕಡಾವಾರನ್ನೂ ಬರೆದುಕೊಳ್ಳಿ. ಅವರು ಎಷ್ಟು ಸಲ ಎಸೆಯುತ್ತಾರೆ ಎನ್ನುವುದನ್ನು ರಕ್ಷಣೆ ನಿಯಂತ್ರಿಸಬಲ್ಲದು. ಎಸೆದದ್ದು ಬೀಳುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಅದರ ಕೈಯಲ್ಲಿಲ್ಲ. 2022ರ ಟೂರ್ನಿಯಲ್ಲಿ ಅಯೋವಾ ಸ್ಟೇಟ್ ವಿಸ್ಕಾನ್ಸಿನ್ ತಂಡವನ್ನು 54-49ರಿಂದ ಸೋಲಿಸಿತು. ವಿಸ್ಕಾನ್ಸಿನ್ ಎಸೆದ 22 ಮೂರಂಕದ ಎಸೆತಗಳಲ್ಲಿ ಬಿದ್ದದ್ದು ಎರಡು. ರಕ್ಷಣೆ ಗಟ್ಟಿಯಾಗಿತ್ತು, ನಿಜ. ಎರಡಕ್ಕೆ ಇಳಿಸುವಷ್ಟು ಗಟ್ಟಿಯಾದ ರಕ್ಷಣೆ ಪ್ರಪಂಚದಲ್ಲಿಲ್ಲ.

ತವರು ಅಂಕಣದ ಲಾಭವನ್ನೂ ಬೇರೆ ಬರೆಯಬೇಕು. ವ್ಯಾಂಡರ್‌ಬಿಲ್ಟ್‌ನ ಮೆಮೋರಿಯಲ್ ಜಿಮ್ನೇಷಿಯಂನಲ್ಲಿ ತಂಡಗಳ ಬೆಂಚು ಪಕ್ಕದಲ್ಲಿರುವುದಿಲ್ಲ, ಬುಟ್ಟಿಗಳ ಹಿಂದೆ ಎರಡು ತುದಿಗಳಲ್ಲಿರುತ್ತದೆ. ಅಂಕಣವೇ ವೇದಿಕೆಯಂತೆ ಎತ್ತರದಲ್ಲಿದೆ. ತಂಡ ಆಚೆ ತುದಿಯಲ್ಲಿ ಆಡುತ್ತಿದ್ದರೆ ಕೋಚ್‌ನ ಕೂಗು ಮುಟ್ಟುವುದೇ ಕಷ್ಟ. 2025ರ ಜನವರಿಯಲ್ಲಿ ಟೆನೆಸಿಯನ್ನು 76-75ರಿಂದಲೂ ಕೆಂಟಕಿಯನ್ನು 74-69ರಿಂದಲೂ ಸೋಲಿಸಿದ್ದು ಅಲ್ಲಿಯೇ. ಆ ವರ್ಷ ವ್ಯಾಂಡರ್‌ಬಿಲ್ಟ್ ಕಾನ್ಫರೆನ್ಸಿನಲ್ಲಿ ಎಂಟು ಗೆದ್ದು ಹತ್ತು ಸೋತಿತು. ಬೇರೆ ಕಾನ್ಫರೆನ್ಸಿನಲ್ಲಾದರೆ ಸಾಧಾರಣ ಎನ್ನಬಹುದಿತ್ತು. ಆದರೆ ಅದೇ ವರ್ಷ ಎಸ್‌ಇಸಿಯ 16 ತಂಡಗಳಲ್ಲಿ 14 ರಾಷ್ಟ್ರೀಯ ಟೂರ್ನಿಗೆ ಆಯ್ಕೆಯಾದವು.

ಮಾರ್ಚ್‌ನ ಒಂದು ಸೋಲಿನಿಂದ ಇಡೀ ವರ್ಷವನ್ನು ಅಳೆಯಬೇಡಿ ಎಂದಷ್ಟೇ ಹೇಳುತ್ತೇನೆ. ಲೂಯಿವಿಲ್ 27 ಗೆದ್ದು ಟೂರ್ನಿಗೆ ಹೋಗಿ ಮೊದಲ ಪಂದ್ಯದಲ್ಲೇ ಕ್ರೇಟನ್‌ಗೆ ಸೋತಿತು. ಅದರಿಂದ ಆ 18 ಗೆಲುವುಗಳು ಸುಳ್ಳಾಗುವುದಿಲ್ಲ.

ಏಪ್ರಿಲ್‌ನ ಪುಟ

ನೋಟ್‌ಬುಕ್ ಮಾರ್ಚ್‌ಗೆ ಮುಚ್ಚಬೇಡಿ. ಯಾರು ಪೋರ್ಟಲ್‌ಗೆ ಹೋದರು, ಯಾರ ಓದು ಮುಗಿಯಿತು, ಯಾರು ಎನ್‌ಬಿಎಗೆ ಹೊರಟರು ಎಂದು ಬರೆಯಿರಿ. ರಕ್ಷಣೆಯ ಹೊಣೆ ಹೊತ್ತ ಸಹಾಯಕ ಕೋಚ್ ಬೇರೆ ಕಾಲೇಜಿಗೆ ಮುಖ್ಯ ಕೋಚ್ ಆಗಿ ಹೋದರೋ ಎಂದೂ ನೋಡಿ. ಪತ್ರಿಕೆಗಳು ಅದಕ್ಕೆ ಮೂಲೆಯಲ್ಲಿ ನಾಲ್ಕು ಸಾಲು ಕೊಡುತ್ತವೆ. ಆಮೇಲೆ ನೀವು ಹಂಚಿದ ಪಾಲುಗಳ ಎದುರು ಇದನ್ನಿಟ್ಟು ನೋಡಿ.

ಅಯೋವಾ ಸ್ಟೇಟ್‌ನಲ್ಲಿ ಮೊದಲ ವರ್ಷವೇ ಮಿಂಚಿದ್ದ ಗಾರ್ಡ್ ಟೈರೀಸ್ ಹಂಟರ್ ಟೆಕ್ಸಸ್‌ಗೆ ಹೊರಟುಹೋದರು. ಗೆಲುವು ಆಟಗಾರರದ್ದಷ್ಟೇ ಆಗಿದ್ದರೆ ತಂಡ ಅಲ್ಲಿಗೇ ಕುಸಿಯಬೇಕಿತ್ತು. ಮರುವರ್ಷ ಮತ್ತೆ ಟೂರ್ನಿಗೆ ಬಂತು; 2023-24ರಲ್ಲಿ ಬಿಗ್ 12 ಟೂರ್ನಿಯ ಫೈನಲ್‌ನಲ್ಲಿ ಹ್ಯೂಸ್ಟನ್‌ನಂಥ ತಂಡವನ್ನು 69-41ರಿಂದ ಮಣಿಸಿತು. ಹೆಸರುಗಳು ಬದಲಾಗಿದ್ದವು, ಮಧ್ಯಕ್ಕೆ ಬಿಡದ ಆ ರಕ್ಷಣೆ ಹಾಗೇ ಇತ್ತು. ಮಿಸೂರಿಯಲ್ಲಿ ಗೋಲ್‌ಸ್ಟನ್, ಕೋಬಿ ಬ್ರೌನ್, ಡಿಮಾಯ್ ಹಾಜ್ ಮೂವರೂ ಒಟ್ಟಿಗೆ ಹೊರಟರು. ಮರುವರ್ಷ ಕಾನ್ಫರೆನ್ಸಿನ 18 ಪಂದ್ಯಗಳಲ್ಲಿ ಒಂದೂ ಗೆಲ್ಲಲಿಲ್ಲ. ಅಷ್ಟಕ್ಕೇ ಗೇಟ್ಸ್ ಅವರ ಖಾತೆ ಮುಚ್ಚಿ ಮೊಹರು ಹಾಕಿದವರು ಬಹಳ ಮಂದಿ. ಅದರ ಮುಂದಿನ ವರ್ಷ, 2024-25ರಲ್ಲಿ, ಅದೇ ಕೋಚ್ ಕೈಯಲ್ಲಿ 22 ಗೆಲುವು, ಮತ್ತೆ ಟೂರ್ನಿ. ಅದಕ್ಕೇ ನಾನು ಕೋಚ್‌ನ ಪಾಲನ್ನು ಮೂರನೇ ವರ್ಷದವರೆಗೂ ಪೆನ್ಸಿಲಿನಲ್ಲೇ ಬರೆಯುವುದು.